ತೆಂಡಾಯಿ ನೋಡದ ಧಾರೆ

ತಮ್ಮನ ಮದುವೆಗೆಂದು ಐರ್ಲೆಂಡಿನಿಂದ ಕೊಳ್ಳೇಗಾಲಕ್ಕೆ ಬಂದ ಕೋಮಲ ಜೊತೆಯಲ್ಲಿ ತೆಂಡಾಯಿಯನ್ನೂ ಕರೆದುಕೊಂಡು ಬಂದಳು. ಗಂಡ ಶಾಂತರಾಜು ಮಗಳ ಶಾಲೆಗೆ ರಜೆಯಿಲ್ಲವೆಂದು ಅಲ್ಲೇ ಉಳಿದಿದ್ದ.

ತೆಂಡಾಯಿ ಜಿಂಬಾಬ್ವೆಯವಳು. ಕೋಮಲಳಿಗಿಂತ ಐದಾರು ವರ್ಷ ದೊಡ್ಡವಳು, ಎತ್ತರದ ಆಳು, ನಕ್ಕರೆ ಮೈಯೆಲ್ಲ ಕುಲುಕುವಂತೆ ನಗುವವಳು. ಡಬ್ಲಿನ್ನಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್ ಇತ್ತು. ಅಲ್ಲಿ ಕೋಮಲ ನರ್ಸು, ತೆಂಡಾಯಿ ಆರೈಕೆಯ ಕೆಲಸದವಳು. ಕೋಮಲ ಮನೆಗೆ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅವಳೂ ಪಕ್ಕದಿಂದ ಇಣುಕುತ್ತಿದ್ದಳು. ಊರಿನಲ್ಲಿ ಪೈಪಿನ ಅಂಗಡಿ ಇಟ್ಟುಕೊಂಡಿದ್ದ ಕೋಮಲಳ ತಮ್ಮ ಕುಮಾರಸ್ವಾಮಿ ತನ್ನ ಹರಕು ಇಂಗ್ಲಿಷಿನಲ್ಲಿ ಅವಳನ್ನು 'ಸಿಸ್ಟರ್' ಎಂದು ಕರೆದು, "ನನ್ನ ಮದುವೆಗೆ ನೀವು ಬರಲೇಬೇಕು, ಧಾರೆಯಲ್ಲಿ ನನ್ನ ಪಕ್ಕದಲ್ಲಿ ನಿಲ್ಲಬೇಕು" ಎಂದಿದ್ದ. ಅವನು ಬಾಯಿಮಾತಿಗೆ ಹೇಳುವವನಲ್ಲ. ತೆಂಡಾಯಿಯೂ ಬಾಯಿಮಾತಿಗೆ ಒಪ್ಪುವವಳಲ್ಲ. ಆ ವರ್ಷದ ರಜೆಯನ್ನೆಲ್ಲ ಕೂಡಿಟ್ಟುಕೊಂಡು ಹೊರಟುಬಂದಳು.

ಇಬ್ಬರ ಸ್ನೇಹ ಬೆಳೆದದ್ದು ಒಂದು ಜಗಳದಿಂದ. ಕೇರ್ ಹೋಮಿನಲ್ಲಿದ್ದ ಒಬ್ಬ ಮುದುಕಿಯ ಮಗ ಪ್ರತಿ ಭಾನುವಾರ ತಾಯಿಯನ್ನು ನೋಡಲು ಬರುತ್ತಿದ್ದ. ತನ್ನ ತಾಯಿಯನ್ನು ಕಪ್ಪು ಹೆಂಗಸು ಮುಟ್ಟುವುದು ಬೇಡವೆಂದು ಅವನು ಮ್ಯಾನೇಜರ್ ಕಿವಿಯಲ್ಲಿ ಹೇಳಿದ್ದ. ಆ ಮ್ಯಾನೇಜರಮ್ಮ ಅದನ್ನು ತೆಂಡಾಯಿಗೆ ಹೇಳಲಿಲ್ಲ. ಭಾನುವಾರ ಬಂತೆಂದರೆ, "ಈ ಕೆಲಸಕ್ಕೆ ನಂಬಿಕಸ್ಥರು ಬೇಕು, ನೀನೇ ಸರಿ" ಎಂದು ನಗುನಗುತ್ತಾ ಅವಳನ್ನು ಹಾಸಿಗೆಬಟ್ಟೆಯ ಕೋಣೆಗೆ ಕಳಿಸಿ, ಹೊದಿಕೆ, ದಿಂಬಿನ ಚೀಲಗಳನ್ನು ಎಣಿಸಲು ಹೇಳುತ್ತಿದ್ದಳು. ತೆಂಡಾಯಿ ತಿಂಗಳುಗಟ್ಟಲೆ ಎಣಿಸಿದಳು. ನಿಜ ಸಂಗತಿ ಮೊದಲು ಗೊತ್ತಾದದ್ದು ಕೋಮಲಳಿಗೆ. ಅವಳು ನೇರವಾಗಿ ಹೋಗಿ ಮ್ಯಾನೇಜರಮ್ಮನನ್ನು ಕೇಳಿದಳು, ಮೇಲಿನವರಿಗೆ ದೂರು ಕೊಟ್ಟಳು. ಕೊನೆಗೆ ಮ್ಯಾನೇಜರಮ್ಮ ತೆಂಡಾಯಿಯ ಕ್ಷಮೆ ಕೇಳಬೇಕಾಯಿತು.

ಕೋಮಲ ಫೇಸ್‌ಬುಕ್ಕಿನಲ್ಲಿ 'ಕಡಲಾಚೆ ಕೋಮಲ' ಎಂಬ ಪುಟ ನಡೆಸುತ್ತಿದ್ದಳು. ವಾರಕ್ಕೊಮ್ಮೆ ಫೋನಿನ ಮುಂದೆ ಕುಳಿತು ಮನೆ ಬಾಡಿಗೆ, ಮಧ್ಯಾಹ್ನ ನಾಲ್ಕಕ್ಕೇ ಕವಿಯುವ ಚಳಿಗಾಲದ ಕತ್ತಲೆ, ಅಲ್ಲಿಯ ಚುನಾವಣೆ, ಇಂಡಿಯಾದವರ ಮೇಲೆ ಬೀದಿಯಲ್ಲಿ ನಡೆಯುತ್ತಿದ್ದ ಹಲ್ಲೆಗಳು, ಎಲ್ಲದರ ಬಗ್ಗೆಯೂ ಅಚ್ಚ ಕೊಳ್ಳೇಗಾಲದ ಮಾತಿನಲ್ಲಿ ತನಗನ್ನಿಸಿದ್ದು ಹೇಳುತ್ತಿದ್ದಳು. ಹಾಸಿಗೆಬಟ್ಟೆ ಕೋಣೆಯ ಕಥೆ ಹೇಳಿದ ವಿಡಿಯೋವನ್ನು ಲಕ್ಷಾಂತರ ಜನ ನೋಡಿದರು. ಆಮೇಲೆ ಅವಳ ಹೆಸರು ಊರಿನಲ್ಲೂ ಓಡಾಡತೊಡಗಿತು.

ಮನೆ ಇದ್ದದ್ದು ಮುಡಿಗುಂಡದಲ್ಲಿ. ಕಾರು ನಿಂತಾಗ ತಾಯಿ ಶಿವರತ್ನಮ್ಮ ಬಾಗಿಲಿಗೆ ಬಂದು ತೆಂಡಾಯಿಯನ್ನು ಕೆಳಗಿನಿಂದ ಮೇಲಿನವರೆಗೂ ನೋಡಿ, "ಬಾರವ್ವ, ಒಳೀಕ್ ಬಾ" ಎಂದರು. ಆಮೇಲೆ ಅಡುಗೆಮನೆಯಲ್ಲಿ ಮಗಳನ್ನು ಪಿಸುದನಿಯಲ್ಲಿ ಕೇಳಿದರು.

"ಏನುಣ್ತಾಳೆ ಮಗ ಇವ್ಳು?"

"ನಾವುಣ್ಣಾದೇ ಉಣ್ತಾಳೆ ಬುಡವ್ವ."

"ಮಾಂಸ ಗೀಂಸ ಅಂತ ಕೇಳಾಕಿಲ್ಲ ತಾನೆ? ಲಿಂಗಪೂಜೆ ಆಗೋ ಮನೆ ಕಣವ್ವ."

"ಇಲ್ಲ ಕಣವ್ವ. ನಂಗೊತ್ತಿಲ್ವಾ?"

ಸಂಜೆ ಸೋದರಮಾವ ವೃಷಭೇಂದ್ರಪ್ಪ ಬಂದರು. ಕೋಮಲಳ ತಂದೆ ತೀರಿಕೊಂಡ ಮೇಲೆ ಆ ಮನೆಯ ಒಳ್ಳೆಯದು ಕೆಟ್ಟದ್ದನ್ನೆಲ್ಲ ನಿಂತು ನಡೆಸಿದವರು ಅವರೇ. ಯಳಂದೂರಿನ ಈ ಸಂಬಂಧ ಕುದುರಿಸಿದವರೂ ಅವರೇ. ತೆಂಡಾಯಿಗೆ ಕೈಮುಗಿದು 'ವೆಲ್‌ಕಮ್' ಎಂದವರು, ಕುರ್ಚಿಯಲ್ಲಿ ಕುಳಿತ ಮೇಲೆ ಕೋಮಲಳ ಕಡೆ ತಿರುಗಿದರು.

"ಯಾವ ಜನ ಅವ್ವ ಇವ್ರು?"

"ಕ್ರಿಶ್ಚಿಯನ್ನು ಮಾವ."

"ಓ, ನಮ್ ಮಾರ್ಟಳ್ಳಿ ಚರ್ಚಿನೋರಂಗೆ" ಎಂದು ತಲೆಯಾಡಿಸಿದರು. ತೆಂಡಾಯಿ ಏನೆಂದು ಕೇಳಿದಾಗ ಕೋಮಲ, ನಿನ್ನ ಪ್ರಯಾಣ ಹೇಗಾಯಿತೆಂದು ಕೇಳುತ್ತಿದ್ದಾರೆ ಎಂದಳು.

ಮದುವೆಗೆ ಮುಂಚಿನ ದಿನಗಳು ಸಡಗರದಲ್ಲೇ ಕಳೆದವು. ತೆಂಡಾಯಿ ಕೊಳ್ಳೇಗಾಲದ ಅಂಗಡಿಯಲ್ಲಿ ಒಂದು ರೇಷ್ಮೆ ಸೀರೆ ಕೊಂಡಳು. ಅರಿಶಿನದ ಬಣ್ಣದ ಒಡಲು, ಕುಂಕುಮದ ಬಣ್ಣದ ಅಂಚು. ಅಂಗಡಿಯವನು ಅದನ್ನು ಅವಳ ಹೆಗಲ ಮೇಲೆ ಹರಡಿದಾಗ ಬೇರೆ ಗಿರಾಕಿಗಳೂ ಎದ್ದುಬಂದು ನೋಡಿದರು. ಅದು ಅವಳಿಗೆ ಒಪ್ಪುತ್ತಿತ್ತು. ಚಿಕ್ಕಪ್ಪನ ಮಗಳು ಯಶೋದ ಮೂರು ಸಲ ಸೀರೆ ಉಡಿಸಿ, ಬಿಚ್ಚಿಸಿ, ನೆರಿಗೆ ಹಿಡಿಯುವುದನ್ನು ಕಲಿಸಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ವರಪೂಜೆಯ ಹಿಂದಿನ ದಿನ ಊರಿನ ಮಹಿಳಾ ಬಳಗದವರು ಕೋಮಲಳನ್ನು ಕರೆದು ಶಾಲು ಹೊದಿಸಿದರು. ಸಭೆಯ ತುಂಬ ಹೆಂಗಸರು, ಕಾಲೇಜಿನ ಹುಡುಗಿಯರು. ತೆಂಡಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಕೋಮಲ ಚೆನ್ನಾಗಿಯೇ ಮಾತನಾಡಿದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುವವರ ಬಗ್ಗೆ ಹೇಳಿದಳು. 'ನಿಮ್ಮ ದೇಶಕ್ಕೆ ಹೋಗಿ' ಎಂದು ಕೂಗುವ ಪೋರರ ಬಗ್ಗೆ ಹೇಳಿದಳು. ಆಮೇಲೆ ಹಾಸಿಗೆಬಟ್ಟೆ ಕೋಣೆಯ ಸಂಗತಿ ಹೇಳಿ, ತೆಂಡಾಯಿಯ ಕಡೆ ಕೈ ತೋರಿಸಿದಳು.

"ಕೂಗಾಡೋ ಪೋರನ್ನ ನಾವು ಮರ್ತುಬುಡ್ಬೋದು. ಅವ್ನು ಬೈದು ಓಯ್ತಾನೆ. ಆದ್ರೆ ನಗ್ತಾ ನಗ್ತಾ, ಬೆನ್ನು ತಟ್ಟಿ, ಒಳ್ಳೆ ಮಾತಾಡಿ ನಮ್ಮನ್ನ ಮೂಲೆಗೆ ಸರಿಸ್ತಾರಲ್ಲ, ಅವ್ರನ್ನ ಮರಿಯಾಕಾಗಲ್ಲ. ಯಾಕಂದ್ರೆ ನಮ್ಮನ್ನ ಮೂಲೆಗೆ ತಳ್ಳವ್ರೆ ಅನ್ನೋದೂ ನಮಗೆ ಗೊತ್ತಾಗಾಕಿಲ್ಲ."

ಜೋರು ಚಪ್ಪಾಳೆ ಬಿತ್ತು. ಮಾತು ತಿಳಿಯದಿದ್ದರೂ ತೆಂಡಾಯಿ ಎದ್ದುನಿಂತು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದಳು.

ಮದುವೆ ಯಳಂದೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ಸಂಜೆ ಗಂಡಿನ ಕಡೆಯವರು ಹೋಗಿ ಇಳಿದರು. ಆರತಕ್ಷತೆಯಲ್ಲಿ ತೆಂಡಾಯಿ ಹೋದಲ್ಲೆಲ್ಲ ತಲೆಗಳು ತಿರುಗುತ್ತಿದ್ದವು. ಮಕ್ಕಳು ಹಿಂದೆ ಹಿಂದೆ ಸುತ್ತುತ್ತಿದ್ದರು. ಯಾರೋ ಗಂಡಸರು ಗುಂಪಿನಲ್ಲಿ ಏನೋ ಅಂದು ಕಿಸಕ್ಕನೆ ನಕ್ಕರು. ಕುಮಾರಸ್ವಾಮಿ ಮಾತ್ರ ವೇದಿಕೆಯ ಮೇಲಿಂದಲೇ ಕೂಗಿ, ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡ.

ಊಟಕ್ಕೆ ಮುಂಚೆ ವೃಷಭೇಂದ್ರಪ್ಪ ಕೋಮಲಳನ್ನು ಮಂಟಪದ ಹೊರಗೆ, ಕಾರುಗಳು ನಿಂತಿದ್ದ ಕಡೆಗೆ ಕರೆದುಕೊಂಡು ಹೋದರು.

"ನೋಡವ್ವ, ನಾನು ಅವ್ಳನ್ನ ಬೇಡ ಅಂದೋನಲ್ಲ. ಬಂದವ್ಳೆ, ಉಣ್ಲಿ, ತಿನ್ಲಿ. ಆದ್ರೆ ನಾಳೆ ಧಾರೆ ಟೇಮಲ್ಲಿ ಮಂಟಪದ್ ಹತ್ರ ಬರಾದು ಬೇಡ."

"ಯಾಕ್ ಮಾವ? ಕುಮಾರನೇ ಕರ್ದಿರಾದು ಅವ್ಳನ್ನ."

"ಅವ್ನಿಗೇನು ಗೊತ್ತು? ಹೆಣ್ಣಿನ ಕಡೆಯೋರು ಏನಂದ್ಕಂಡಾರು? ಸ್ವಾಮಿಗಳು ಬತ್ತಾರೆ, ದೊಡ್ ದೊಡ್ಡೋರು ಬತ್ತಾರೆ. ದನ ತಿನ್ನೋ ಜನ ಅಂತ ಯಾರಾದ್ರೂ ಒಬ್ರು ಬಾಯ್ಬುಟ್ರೆ ಸಾಕು. ಫೋಟೋದಲ್ಲಿ ಹಂಗೇ ಉಳ್ಕತದೆ."

"ಇದು ತಪ್ಪು ಮಾವ." ಅವಳ ದನಿ ಅಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ.

"ತಪ್ಪೋ ಸರಿಯೋ. ನೀನು ಮುಂದಿನ್ ವಾರ ಇಮಾನ ಹತ್ಕಂಡು ಓಯ್ತೀಯ. ಈ ಜನದ್ ಮಧ್ಯ ಇರ್ಬೇಕಾದೋರು ನಾವು. ನಾನೇ ಓಗಿ ಅವ್ಳಿಗೆ ಹೇಳ್ಲಾ, ಇಲ್ಲಾ ನೀನೇ ನೋಡ್ಕತೀಯ?"

ಮಾವ ತಮ್ಮ ಬಾಯಿಂದಲೇ ಹೋಗಿ ಹೇಳುವುದನ್ನು ಕೋಮಲ ಕಣ್ಣಮುಂದೆ ತಂದುಕೊಂಡಳು. ಕೈಸನ್ನೆ ಮಾಡಿ, ಬಾಗಿಲು ತೋರಿಸಿ. ಅದಕ್ಕಿಂತ ತಾನೇ ಹೇಗಾದರೂ ನೋಡಿಕೊಳ್ಳುವುದು ಮೇಲು, ತೆಂಡಾಯಿಗೆ ನೋವಾದರೂ ತಪ್ಪೀತು ಎನ್ನಿಸಿತು.

"ನಾನೇ ನೋಡ್ಕತೀನಿ ಬುಡಿ ಮಾವ" ಎಂದಳು.

ಬೆಳಿಗ್ಗೆ ಯಶೋದ ತೆಂಡಾಯಿಗೆ ಸೀರೆ ಉಡಿಸಿ, ಮುಡಿಗೆ ಮಲ್ಲಿಗೆ ಮುಡಿಸಿದಳು. ತೆಂಡಾಯಿ ಕನ್ನಡಿಯ ಮುಂದೆ ನಿಂತು ಬೇರೆ ಬೇರೆ ಕೋನದಿಂದ ಫೋಟೋ ತೆಗೆದು ತನ್ನ ತಾಯಿಗೆ ಕಳಿಸಿದಳು. ಕೆಳಗಡೆ ವಾಲಗ ಶುರುವಾಯಿತು. ಎಲ್ಲರೂ ಇಳಿದುಹೋದ ಮೇಲೆ ಕೋಮಲ ಕೋಣೆಗೆ ಬಂದು ಮಂಚದ ಕೆಳಗಿದ್ದ ನೀಲಿ ಸೂಟ್‌ಕೇಸನ್ನು ಎಳೆದು ತೆಂಡಾಯಿಯ ಮುಂದಿಟ್ಟಳು.

"ನನಗೊಂದು ಉಪಕಾರ ಮಾಡ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಇದರಲ್ಲಿ ಒಡವೆ ಇದೆ. ಮದುವೆ ಮನೆಯಲ್ಲಿ ಯಾರು ಬರ್ತಾರೆ, ಯಾರು ಹೋಗ್ತಾರೆ ಗೊತ್ತಾಗಲ್ಲ. ನಿನ್ನಷ್ಟು ನಂಬಿಕೆಯವರು ನನಗೆ ಇಲ್ಲಿ ಬೇರೆ ಯಾರೂ ಇಲ್ಲ. ಸ್ವಲ್ಪ ಹೊತ್ತು ನೋಡಿಕೊಂಡಿರ್ತೀಯಾ?"

ತೆಂಡಾಯಿಯ ಮುಖ ಒಂದಿಷ್ಟು ಬಾಡಿತು. "ಧಾರೆ ತಪ್ಪಿಹೋಗುವುದಿಲ್ಲವಾ?"

"ಇನ್ನೂ ಹೊತ್ತಿದೆ. ಅಷ್ಟರಲ್ಲಿ ನಾನೇ ಬಂದು ಕರೀತೀನಿ."

"ಹಾಗಾದರೆ ಸರಿ. ನಿನ್ನ ಒಡವೆ ಮುಟ್ಟುವವನು ಮೊದಲು ನನ್ನನ್ನು ದಾಟಬೇಕು" ಎಂದು ತೆಂಡಾಯಿ ನಕ್ಕು, ಸೂಟ್‌ಕೇಸನ್ನು ಕಾಲುಗಳ ನಡುವೆ ಇಟ್ಟುಕೊಂಡು ಕುರ್ಚಿಯಲ್ಲಿ ನೇರವಾಗಿ ಕುಳಿತಳು.

ಕೋಮಲ ಮೆಟ್ಟಿಲಿಳಿದಳು. ಎದೆ ಭಾರವಾಗಬೇಕಿತ್ತು. ಆದರೆ ಆಗ ಅವಳಿಗನ್ನಿಸಿದ್ದು ನಿರಾಳ. ಅದನ್ನು ನೆನೆದರೆ ಆಮೇಲೆಯೂ ಅವಳಿಗೆ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು.

ಮಂಟಪದಲ್ಲಿ ಪೇಟ ಸುತ್ತಿಕೊಂಡು ಕುಳಿತಿದ್ದ ಕುಮಾರಸ್ವಾಮಿ ಕಣ್ಣಲ್ಲೇ ಹುಡುಕುತ್ತಿದ್ದ. ಅಕ್ಕ ಹತ್ತಿರ ಬಂದಾಗ ಕೇಳಿದ.

"ತೆಂಡಾಯಕ್ಕ ಎಲ್ಲಿ?"

"ಹೊಟ್ಟೆ ಸರಿ ಇಲ್ವಂತೆ ಕಣ್ಲಾ. ಮಲಗವ್ಳೆ."

"ಅಯ್ಯೋ, ರಾತ್ರಿ ಊಟದ್ದೇನೋ. ಒಂಚೂರು ಕೈ ಹಿಡ್ಕಂಡು ಕರ್ಕಬಾ ಅಕ್ಕ, ಒಂದ್ ಗಳಿಗೆ ನಿಂತ್ಕಂಡು ಓಗ್ಲಿ."

"ಮಲಿಕ್ಕಂಡಿರೋರ್ನ ಎಬ್ಬುಸ್ಬಾರ್ದು" ಎಂದು ಕೋಮಲ ಅವನ ಹಣೆಯ ಬಾಸಿಂಗ ಸರಿಮಾಡಿದಳು.

ಧಾರೆಯಾಯಿತು. ಮದುಮಗಳು ಭವ್ಯ ತಲೆತಗ್ಗಿಸಿದಾಗ ಕುಮಾರಸ್ವಾಮಿ ತಾಳಿ ಕಟ್ಟಿದ. ಅಕ್ಷತೆ ಬಿತ್ತು, ಗಟ್ಟಿಮೇಳ ಕಿವಿಗಡಚಿಕ್ಕುವಂತೆ ಮೊಳಗಿತು. ಆ ಸದ್ದು ಮೇಲಿನ ಕೋಣೆಗೂ ಕೇಳಿರುತ್ತದೆ, ಅದೇನೆಂದು ತೆಂಡಾಯಿಗೆ ಗೊತ್ತಾಗಿರುತ್ತದೆಯೇ ಎಂದು ಕೋಮಲ ಅಂದುಕೊಂಡಳು. ದೊಡ್ಡವರೆಲ್ಲ ಆಶೀರ್ವಾದ ಮಾಡಿ ಇಳಿಯುವವರೆಗೂ ಕಾದು, ಒಂದು ತಟ್ಟೆಯಲ್ಲಿ ಲಾಡು, ಬಾಳೆಹಣ್ಣು, ಮಿಕ್ಕ ಅಕ್ಷತೆ ಇಟ್ಟುಕೊಂಡು ಮೇಲೆ ಹತ್ತಿದಳು. 'ಬಹಳ ಬೇಗ ಮುಗಿದುಹೋಯಿತು, ಬರಲಾಗಲಿಲ್ಲ' ಎನ್ನುವ ಮಾತನ್ನು ಮೆಟ್ಟಿಲ ಮೇಲೆಯೇ ಜೋಡಿಸಿಕೊಂಡಳು.

ಕೋಣೆಯ ಬಾಗಿಲು ತೆರೆದಿತ್ತು. ನೀಲಿ ಸೂಟ್‌ಕೇಸು ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಯಶೋದ ಅದರಿಂದ ಒಂದೊಂದೇ ಟವಲನ್ನು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಟವಲುಗಳ ಕೆಳಗೆ ಹಳೆಯ ರವಿಕೆಗಳು, ಒಂದು ಜೊತೆ ಹವಾಯಿ ಚಪ್ಪಲಿ, ಅರ್ಧ ಖಾಲಿಯಾದ ಸೋಪಿನ ಪುಡಿಯ ಪೊಟ್ಟಣ.

"ನೋಡಕ್ಕ, ಊಟದ್ ಮನೇಲಿ ಕೈ ಒರ್ಸಾಕೆ ಟವಲ್ ಬೇಕು ಅಂತ ದೊಡ್ಡವ್ವ ಕಳ್ಸುದ್ರು" ಎಂದು ಯಶೋದ ನಗುತ್ತಾ ಹೇಳಿದಳು. "ಇವ್ರು ಪಾಪ ಸೂಟ್‌ಕೇಸ್ ತಬ್ಕಂಡು ಕುಂತವ್ರೆ, ಕೊಡಾಕಿಲ್ಲ ಅಂತಾರೆ! ನೋ ನೋ ಅಂತಾರೆ. ಟವಲ್ಲು, ಟವಲ್ಲು ಅಂತ ಮುಖ ಒರ್ಸಿ ತೋರುಸ್ದೆ. ಆಮೇಕ್ ನಾನೇ ಕಿತ್ಕಂಡು ತೆಗ್ದೆ."

ಅವಳು ಟವಲುಗಳನ್ನು ಹೊತ್ತುಕೊಂಡು ದಡದಡ ಇಳಿದುಹೋದಳು.

ತೆಂಡಾಯಿ ಕುರ್ಚಿಯಲ್ಲಿ ಕುಳಿತೇ ಇದ್ದಳು. ಸೀರೆಯ ನೆರಿಗೆ ಸ್ವಲ್ಪವೂ ಮುದುರಿರಲಿಲ್ಲ. ಕೋಮಲ ತಟ್ಟೆ ಹಿಡಿದು ನಿಂತಳು. ಜೋಡಿಸಿಕೊಂಡಿದ್ದ ಮಾತು ನೆನಪಿಗೇ ಬರಲಿಲ್ಲ.

"ಬಹುಶಃ ಬೇರೆ ಸೂಟ್‌ಕೇಸು... ಗಡಿಬಿಡಿಯಲ್ಲಿ ಅದಲುಬದಲಾಗಿರಬೇಕು" ಎಂದಳು.

"ಕೋಮಲ, ಸಾಕು" ಎಂದಳು ತೆಂಡಾಯಿ. "ಆ ಮ್ಯಾನೇಜರ್ ಕೂಡ ನನ್ನನ್ನು ನಂಬಿಕಸ್ಥೆ ಅಂತಲೇ ಅಂದಿದ್ದಳು" ಎಂದಳು.

ಕೋಮಲಳ ಕಿವಿ, ಕೆನ್ನೆ ಎಲ್ಲ ಬೆಂಕಿ ಹತ್ತಿದಂತೆ ಕಾಯ್ದವು. ಮಾವನ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಅವರೇ ಹೇಳಿದ್ದು, ನಾನಲ್ಲ. ಆದರೆ ಸೂಟ್‌ಕೇಸಿನ ಉಪಾಯ ಮಾವನದಾಗಿರಲಿಲ್ಲ. ಮಾವನಿಗೆ ಅಂಥ ನಾಜೂಕು ಗೊತ್ತಿರಲಿಲ್ಲ. ಅದನ್ನು ಅವಳು ತಾನೇ, ಯಾರೂ ಹೇಳಿಕೊಡದೆ, ರಾತ್ರಿ ಹಾಸಿಗೆಯಲ್ಲಿ ಯೋಚಿಸಿ ಹುಡುಕಿದ್ದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಹಾರ ಹಾಕಿಕೊಂಡೇ ಕುಮಾರಸ್ವಾಮಿ ಒಳಗೆ ಬಂದ. ಹಿಂದೆ ಭವ್ಯ, ಅವಳ ಕೈಯಲ್ಲಿ ಒಂದು ಲೋಟ ನಿಂಬೆಹಣ್ಣಿನ ಪಾನಕ.

"ಸಿಸ್ಟರ್, ಹೊಟ್ಟೆನೋವು ಹೇಗಿದೆ? ಉಪ್ಪು, ಸಕ್ಕರೆ ಎರಡೂ ಹಾಕಿದೀವಿ. ಕುಡೀರಿ" ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದ.

ತೆಂಡಾಯಿ ಅವನ ಮುಖ ನೋಡಿದಳು. ಆಮೇಲೆ ಕೋಮಲಳ ಮುಖ ನೋಡಿದಳು. ಎರಡನೆಯ ಸುಳ್ಳೂ ಅವಳಿಗೆ ತಿಳಿಯಿತೆಂದು ಕೋಮಲಳಿಗೆ ಗೊತ್ತಾಯಿತು. ಈಗ ಅವಳು ಬಾಯಿಬಿಟ್ಟರೆ ಮುಗಿಯಿತು ಎಂದುಕೊಂಡು ಕಣ್ಣು ಕೆಳಗೆ ಹಾಕಿದಳು.

"ಈಗ ವಾಸಿಯಾಗಿದೆ, ತಮ್ಮಾ" ಎಂದಳು ತೆಂಡಾಯಿ. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. "ನಿಮ್ಮ ಮದುವೆ ನೋಡಲಾಗಲಿಲ್ಲ. ಕ್ಷಮಿಸಿ."

ಗಂಡು ಹೆಣ್ಣು ಇಬ್ಬರೂ ಬಗ್ಗಿ ಅವಳ ಕಾಲು ಮುಟ್ಟಿದರು. ತೆಂಡಾಯಿ ಗಾಬರಿಯಿಂದ ಹಿಂದೆ ಸರಿದಳು. ಏನು ಮಾಡಬೇಕೆಂದು ಕೋಮಲಳನ್ನು ಕೇಳಲಿಲ್ಲ. ಭವ್ಯಳೇ ನಕ್ಕು, ಕೋಮಲಳ ಕೈಯಲ್ಲಿದ್ದ ತಟ್ಟೆಯಿಂದ ಅಕ್ಷತೆ ತೆಗೆದು ಅವಳ ಅಂಗೈಗೆ ಹಾಕಿ, ತಮ್ಮಿಬ್ಬರ ತಲೆ ತೋರಿಸಿದಳು. ತೆಂಡಾಯಿ ಅಕ್ಷತೆ ಹಾಕಿ, ಇಬ್ಬರ ತಲೆಯ ಮೇಲೂ ಕೈಯಿಟ್ಟು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿದವು.

"ಅತ್ಗೆ, ನಮ್ಮಜ್ಜಿ ಬೆಳಿಗ್ಗೆಯಿಂದ ಇವ್ರನ್ನೇ ಕೇಳ್ತಾವ್ರೆ" ಎಂದಳು ಭವ್ಯ. "ನಿನ್ನೆ ಇಷ್ಟುದ್ದ ಹೆಣ್ಣು ಬಂದಿತ್ತಲ್ಲ, ಎಲ್ಲೋದ್ಳು, ಅವ್ಳ್ ಜೊತೇಲಿ ನಂದೊಂದು ಫೋಟೋ ತೆಗೀರಿ ಅಂತ ಹಟ ಹಿಡ್ದವ್ರೆ."

ಹೆಣ್ಣಿನ ಕಡೆಯವರು ಏನಂದುಕೊಂಡಾರು ಎಂದಿದ್ದರು ಮಾವ. ಹೆಣ್ಣಿನ ಕಡೆಯ ಹಿರಿಯಜ್ಜಿ ಅಂದುಕೊಂಡಿದ್ದು ಇಷ್ಟೇ.

ಅವರಿಬ್ಬರೂ ಹೋದ ಮೇಲೆ ಕೋಮಲ, "ಬಾ, ಊಟಕ್ಕೆ ಹೋಗೋಣ. ಮೊದಲನೇ ಪಂಕ್ತಿಯಲ್ಲಿ, ನನ್ನ ಪಕ್ಕದಲ್ಲಿ ಕೂತ್ಕೋ. ಯಾರು ಏನಂತಾರೋ ನಾನು ನೋಡ್ತೀನಿ" ಎಂದಳು.

"ಈಗ ನನ್ನನ್ನು ಎಲ್ಲರೂ ನೋಡಬೇಕಾ?" ಎಂದಳು ತೆಂಡಾಯಿ. ಎದ್ದು ಸೆರಗು ಸರಿಮಾಡಿಕೊಂಡಳು. "ನನಗೆ ಹಸಿವಾಗಿದೆ. ದಾರಿ ನನಗೆ ಗೊತ್ತು. ನೀನಿಲ್ಲೇ ಇರು. ಸೂಟ್‌ಕೇಸು ನೋಡಿಕೋ."

ಕೋಮಲ ಅಲ್ಲೇ ಇದ್ದಳು. ತೆರೆದ ಸೂಟ್‌ಕೇಸಿನ ಪಕ್ಕದಲ್ಲಿ ಮಂಚದ ತುದಿಗೆ ಕುಳಿತಳು. ಕೆಳಗೆ ಊಟದ ಮನೆಯಲ್ಲಿ ಎಲೆ ಹಾಕುವ ಗದ್ದಲ, ಸಾರು ಸಾರು ಎಂದು ಬಡಿಸುವವರು ಕೂಗುವುದು, ಮಧ್ಯದಲ್ಲಿ ಯಾವುದೋ ಮುದುಕಿಯ ಕೀರಲು ನಗು ಎಲ್ಲವೂ ಕೇಳಿಸಿದವು. ತೆಂಡಾಯಿಯ ನಗು ಕೇಳಿಸುತ್ತದೆಯೇನೋ ಎಂದು ಕಿವಿಗೊಟ್ಟಳು. ಕೇಳಿಸಲಿಲ್ಲ. ಅವ್ವ ಬಂದು, "ಇದ್ಯಾಕ್ ಹಿಂಗ್ ಕುಂತಿದ್ದೀಯ, ಉಣ್ಣಾಕಿಲ್ವಾ?" ಎಂದು ಎಬ್ಬಿಸುವವರೆಗೂ ಅವಳು ಏಳಲಿಲ್ಲ.

ಮಾರನೆಯ ದಿನ ಮುಡಿಗುಂಡದ ಮನೆಯಲ್ಲಿ ಬೀಗರು, ನೆಂಟರು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ತೆಂಡಾಯಿ ಯಾರೊಂದಿಗೂ ಮುಖ ಮುರಿಯಲಿಲ್ಲ. ಕೋಮಲಳಿಗೂ 'ಗುಡ್ ಮಾರ್ನಿಂಗ್' ಅಂದಳು, ಕೇರ್ ಹೋಮಿನಲ್ಲಿ ಹೊಸಬರಿಗೆ ಅನ್ನುತ್ತಿದ್ದ ಹಾಗೆ. ವೃಷಭೇಂದ್ರಪ್ಪ ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕುಳಿತಿದ್ದರು. ಕೋಮಲ ಕಾಫಿ ತಂದುಕೊಟ್ಟಾಗ ಅವಳ ಬೆನ್ನು ತಟ್ಟಿದರು.

"ಜಾಣೆ ಕಣವ್ವ ನೀನು. ಯಾರ್ಗೂ ಒಂದ್ ಮಾತಿಲ್ಲ, ಯಾರ್ ಮನ್ಸೂ ಕೆಡ್ನಿಲ್ಲ. ಹೆಂಗ್ ಮಾಡ್ದೆ?"

ಪಕ್ಕದಲ್ಲಿದ್ದ ಶಿವರತ್ನಮ್ಮ ಹೆಮ್ಮೆಯಿಂದ, "ನಾಕ್ ದೇಶ ಕಂಡೋಳಲ್ವಾ ಅಣ್ಣಯ್ಯ" ಎಂದರು.

ತೆಂಡಾಯಿಯ ಮುಂದೆ ನಿಂತಾಗಲೂ ಕೋಮಲಳಿಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಕಾಫಿಯ ತಟ್ಟೆಯನ್ನು ಅಲ್ಲೇ ಇಟ್ಟು ಅಂಗಳಕ್ಕಿಳಿದಳು. ಕುಮಾರಸ್ವಾಮಿ ಕಾರಿನ ಮೇಲೆ ಅಂಟಿಸಿದ್ದ ಹೂವು, ಕಾಗದಗಳನ್ನು ಕೀಳುತ್ತಿದ್ದ. ಅವನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಮಾವ ಹೇಳಿದ್ದು, ತಾನು ಒಪ್ಪಿದ್ದು, ಸೂಟ್‌ಕೇಸು, ಟವಲು, ಹೊಟ್ಟೆನೋವು.

ಅವನು ಕೈಯಲ್ಲಿದ್ದ ಹೂವಿನ ದಂಡೆಯನ್ನು ಸುತ್ತುತ್ತಲೇ ಇದ್ದ.

"ಮಾವಂದು ಬುಡು, ಅವ್ರು ಹಂಗೇ" ಎಂದ ಕೊನೆಗೆ. "ನೀನು ನಂಗೂ ಸುಳ್ಳೇಳ್ದಲ್ಲಕ್ಕ. ಅಕ್ಷತೆ ಬೀಳೋ ಹೊತ್ನಲ್ಲಿ."

"ತಪ್ಪಾಯ್ತು ಕಣ್ಲಾ."

"ನಿನ್ ಇಡಿಯೋ ಒಂದೂ ಬುಡ್ದಂಗೆ ನೋಡ್ತೀನಿ ಕಣಕ್ಕ ನಾನು. ನಮ್ ಅಂಗ್ಡೀಲಿ ಪೈಪ್ ಹೊರೋ ಚಿಕ್ಕಸಿದ್ದಯ್ಯ ಇಲ್ವಾ, ಇಷ್ಟ್ ವರ್ಸ ಹೊರಗಡೆ ಕಟ್ಟೆ ಮ್ಯಾಲೆ ಬುತ್ತಿ ಬಿಚ್ಕಂಡು ಉಣ್ತಿದ್ದ. ನಿನ್ ಮಾತ್ ಕೇಳುದ್ ಮ್ಯಾಕೆ ನಂಗೇ ಒಂಥರಾ ಆಯ್ತು. ಒಳೀಕ್ ಕರ್ದು, ಜೊತೇಲಿ ಕುಂಡ್ರುಸ್ಕಂಡು ಉಣ್ಣಾಕ್ ಶುರು ಮಾಡ್ದೆ. ಮೊದ್ಲು ಅವ್ನೇ ಬರಾಕಿಲ್ಲ ಅಂದ. ಮಾವ ಬಾಯಿಗ್ ಬಂದಂಗೆ ಬೈದ್ರು. ಬೈಲಿ ಬುಡು, ನಮ್ಮಕ್ಕ ಹೇಳವ್ಳೆ ಅಂತ ಸುಮ್ಗಿದ್ದೆ."

ಕೋಮಲಳಿಗೆ ಅದು ಗೊತ್ತೇ ಇರಲಿಲ್ಲ. ಅವನು ಹೇಳಿರಲಿಲ್ಲ. ಅವಳು ಕಾರಿನ ಬಾನೆಟ್ಟಿಗೆ ಕೈಯೂರಿ ನಿಂತಳು. ಅಳು ಬಂದರೆ ಅದೂ ನಾಟಕವಾದೀತೆಂದು ತಡೆದುಕೊಂಡಳು.

"ನಾಳೆ ಅವ್ರನ್ನ ಗೋಪಿನಾಥಂ ಕಡೆಯಿಂದ ಹೊಗೇನಕಲ್ ಫಾಲ್ಸ್‌ಗೆ ಕರ್ಕಂಡೋಯ್ತೀನಿ ಅಂದಿದ್ದೆ" ಎಂದ ಕುಮಾರಸ್ವಾಮಿ. "ನಾನು, ಭವ್ಯ ಕರ್ಕಂಡೋಯ್ತೀವಿ. ನೀನು ಬರ್ಬೇಡ ಬುಡು."

ಅವರು ಬೆಳಗಾಗುತ್ತಲೇ ಹೊರಟರು. ಕೋಮಲ ಇಡೀ ದಿನ ಮದುವೆಯ ಪಾತ್ರೆಗಳನ್ನು ಅಟ್ಟಕ್ಕೇರಿಸುವುದರಲ್ಲಿ, ಮಿಕ್ಕ ತೆಂಗಿನಕಾಯಿಗಳನ್ನು ಹಂಚುವುದರಲ್ಲಿ ಕಳೆದಳು. ಯಾಕೆ ಹೋಗಲಿಲ್ಲವೆಂದು ಅವ್ವ ಕೇಳಿದಾಗ ನಿಜ ಹೇಳಿದಳು. ಶಿವರತ್ನಮ್ಮ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಕೇಳಿದರು.

"ಅಷ್ಟೊತ್ತೂ ಒಬ್ಳೇ ಕುಂತಿದ್ಲಾ? ಹೊಟ್ಟೆಗೂ ಏನೂ ಇಲ್ದೆ?"

"ಊಂ ಕಣವ್ವ."

"ಹೊಟ್ಟೆಗಾದ್ರೂ ಕೊಟ್ಟಿದ್ರೆ ಆಗ್ತಿತ್ತು" ಎಂದರು ಅವ್ವ. ಅದಕ್ಕಿಂತ ಮುಂದಕ್ಕೆ ಅವರ ಮಾತು ಹೋಗಲಿಲ್ಲ. ಸಂಜೆಗೆ ಮಾತ್ರ ಅವರು ಒಲೆ ಮುಂದೆ ಕುಳಿತು ಬಹಳ ಹೊತ್ತು ಒಬ್ಬಟ್ಟು ತಟ್ಟಿದರು. ಯಾರಿಗೆಂದು ಹೇಳಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಕಾರು ಬಂತು. ತೆಂಡಾಯಿಯ ಬಟ್ಟೆ ತೆಪ್ಪದಲ್ಲಿ ಹೋದಾಗ ನೆನೆದು ಮೈಮೇಲೇ ಒಣಗಿತ್ತು. ಭವ್ಯಳ ಜೊತೆ ಏನೋ ಹೇಳಿ ನಗುತ್ತಾ ಇಳಿದವಳು ಕೋಮಲಳನ್ನು ಕಂಡು ನಗು ಕಡಿಮೆ ಮಾಡಿದಳು. ಕೋಮಲ ಅವಳ ಹಿಂದೆಯೇ ಹಿತ್ತಿಲ ನಲ್ಲಿಯವರೆಗೂ ಹೋದಳು.

"ತೆಂ, ನಾನು ಮಾಡಿದ್ದು ಏನೆಂದು ನನಗೆ ಗೊತ್ತು. ಗೊತ್ತಿದ್ದೇ ಮಾಡಿದೆ. ಕ್ಷಮಿಸು ಎನ್ನುವುದಕ್ಕೂ ನಾಚಿಕೆಯಾಗುತ್ತಿದೆ."

ತೆಂಡಾಯಿ ಕಾಲಿನ ಮರಳು ತೊಳೆದುಕೊಳ್ಳುತ್ತಿದ್ದಳು. "ನನ್ನನ್ನು ಬೇಡ ಅನ್ನುವವರು ಎಲ್ಲ ಊರಿನಲ್ಲೂ ಇರ್ತಾರೆ" ಎಂದಳು. "ನಿಮ್ಮ ಮಾವನನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ನೀನು ಬಂದು, ತೆಂಡಾಯಿ, ಇಲ್ಲಿ ಹೀಗಿದೆ, ನನಗೆ ಎದುರು ನಿಲ್ಲಲು ಧೈರ್ಯ ಸಾಲುತ್ತಿಲ್ಲ ಎಂದಿದ್ದರೆ ನಾನೇ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ದೂರದಿಂದಲಾದರೂ ನೋಡುತ್ತಿದ್ದೆ. ನೀನು ನನಗೆ ಅದನ್ನೂ ಬಿಡಲಿಲ್ಲ."

"ಏನು ಮಾಡಲಿ ಹೇಳು."

"ಗೊತ್ತಿಲ್ಲ. ಮತ್ತೆ ಒಂದೇ ಶಿಫ್ಟಿನಲ್ಲಿ ಕೆಲಸ ಮಾಡಬೇಕಲ್ಲ, ಮಾಡೋಣ." ನಲ್ಲಿ ನಿಲ್ಲಿಸಿ ಎದ್ದು ನಿಂತಳು. "ಒಂದು ಮಾತು. ನನ್ನ ಕಥೆಯನ್ನು ಇನ್ನು ಮೇಲೆ ಯಾರಿಗೂ ಹೇಳಬೇಡ. ಆ ಹಾಸಿಗೆಬಟ್ಟೆ ಕೋಣೆಯದ್ದೂ ಬೇಡ, ಈ ಮದುವೆಯದ್ದೂ ಬೇಡ. ಅಳುತ್ತಾ ಕೂತು ನಾನು ಹೀಗೆ ಮಾಡಿದೆ ಎಂದು ವಿಡಿಯೋ ಮಾಡಿದರೆ, ಅದಕ್ಕೂ ಜನ ನಿನ್ನನ್ನು ಹೊಗಳುತ್ತಾರೆ. ಅದಕ್ಕೆ ನಾನು ಸಿಗುವುದಿಲ್ಲ."

ಆ ಮಧ್ಯಾಹ್ನ ಪಾತ್ರೆ ಜೋಡಿಸುವಾಗ ಕೋಮಲ ಮನಸ್ಸಿನಲ್ಲೇ ಅಂಥದೊಂದು ವಿಡಿಯೋದ ಮೊದಲ ಸಾಲುಗಳನ್ನು ಹೇಳಿಕೊಂಡಿದ್ದಳು. ಅವಳು ಆಯಿತೆಂದು ತಲೆಯಾಡಿಸಿದಳು.

ಹೊರಡುವ ದಿನ ಶಿವರತ್ನಮ್ಮ ತೆಂಡಾಯಿಯ ಹಣೆಗೆ ಕುಂಕುಮವಿಟ್ಟು, ಒಬ್ಬಟ್ಟಿನ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು. ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಮತ್ತೆ ಬಾರವ್ವ" ಎಂದರು. ತೆಂಡಾಯಿ ಕುಮಾರಸ್ವಾಮಿಯ ಕಡೆ ಒಮ್ಮೆ ನೋಡಿ, ಅವನು ಕಲಿಸಿದ್ದನ್ನು ನಿಧಾನವಾಗಿ ಅಂದಳು: "ಓಗ್ಬುಟ್ಟು ಬತ್ತೀನಿ ಅವ್ವ." ಅಂಗಳದಲ್ಲಿದ್ದವರೆಲ್ಲ ನಕ್ಕರು. ವೃಷಭೇಂದ್ರಪ್ಪನವರೂ ನಕ್ಕು, ಆಮೇಲೆ ಯಾಕೋ ಎಲೆಯಡಿಕೆ ಉಗಿಯಲು ಆಚೆಗೆ ಹೋದರು.

ಡ್ರೈವರ್ ಮಾದೇಶನ ಪಕ್ಕದ ಮುಂದಿನ ಸೀಟಿನಲ್ಲಿ ತೆಂಡಾಯಿ ಕುಳಿತಳು. ಕೋಮಲ ಹಿಂದೆ ಕುಳಿತಳು. ಕುಮಾರಸ್ವಾಮಿ ಅಕ್ಕನ ಕಡೆಯ ಬಾಗಿಲು ಮುಚ್ಚಿ, "ಮುಟ್ಟುದ್ ಮ್ಯಾಕೆ ಫೋನ್ ಮಾಡು" ಎಂದಷ್ಟೇ ಹೇಳಿದ.

ಸೇತುವೆ ದಾಟಿ ಮಳವಳ್ಳಿಯ ರಸ್ತೆ ಹಿಡಿದ ಮೇಲೆ ಕೋಮಲ ಫೋನ್ ತೆಗೆದಳು. ತಮ್ಮನ ಮದುವೆಯ ವಿಡಿಯೋ ಯಾವಾಗ ಹಾಕುತ್ತೀರಿ ಅಕ್ಕ ಎಂದು ಬಹಳ ಜನ ಕೇಳಿದ್ದರು. ಅವರಿಗೆ ಉತ್ತರ ಬರೆಯಲಿಲ್ಲ. ಹಾಸಿಗೆಬಟ್ಟೆ ಕೋಣೆಯ ವಿಡಿಯೋವನ್ನು ಹುಡುಕಿ ತೆಗೆದಳು. ಅದರಲ್ಲಿ ಅವಳು ಹಸಿರು ಸ್ವೆಟರ್ ಹಾಕಿಕೊಂಡು ಕೈ ಎತ್ತಿ ಏನೋ ಹೇಳುತ್ತಿದ್ದಳು. ದನಿ ಹಾಕಿ ಕೇಳುವ ಧೈರ್ಯವಾಗಲಿಲ್ಲ. ಅಳಿಸಿದಳು. ಖಂಡಿತವೇ ಎಂದು ಫೋನು ಇನ್ನೊಮ್ಮೆ ಕೇಳಿತು. ಹೌದು ಎಂದು ಒತ್ತಿದಳು.

"ಆ ವಿಡಿಯೋ ತೆಗೆದುಹಾಕಿದೆ" ಎಂದಳು ಮುಂದಿನ ಸೀಟಿಗೆ ಕೇಳಿಸುವಂತೆ.

"ಸರಿ" ಎಂದಳು ತೆಂಡಾಯಿ, ತಿರುಗಿ ನೋಡದೆ.

ಮಾದೇಶ ಕಿಟಕಿಯಾಚೆ ಕೈ ತೋರಿಸಿ, "ಕಬ್ಬು ಮೇಡಂ, ಕಬ್ಬು" ಎಂದ. ತೆಂಡಾಯಿ, "ಕಬ್ಬು" ಎಂದಳು. ಕೋಮಲ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ಬೆಂಗಳೂರು ಇನ್ನೂ ಬಹಳ ದೂರವಿತ್ತು.